ಕುಸ್ತಿ ಷೋಗೆ ಲೈಸೆನ್ಸ್ ಕೊಡೋರು ಯಾರು?

ತುಮಕೂರಿನ ಕೋರ್ಟ್ ಹತ್ತಿರ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ. ಇಲ್ಲಿಗೆ ಬರುವ ಎಷ್ಟೋ ಜನಕ್ಕೆ ಬೇಕಾಗಿರುವುದು ಜೆರಾಕ್ಸ್ ಅಲ್ಲ. ಕೈಯಲ್ಲಿರೋ ಫಾರಂನಲ್ಲಿ ಏನಿದೆ ಅಂತ ಯಾರಾದರೂ ಓದಿ ಹೇಳಬೇಕು, ಅಷ್ಟೇ. ಪೋಡಿ ಅರ್ಜಿ, ಬ್ಯಾಂಕಿನ ನೋಟಿಸು, ಇನ್ಶೂರೆನ್ಸ್ ಕ್ಲೇಮು, ಜಾತ್ರೆಗೆ ಮೈಕ್ ಪರ್ಮಿಷನ್ನು, ಎಲ್ಲವೂ ಬರುತ್ತವೆ. ಕಳೆದ ವರ್ಷ ಒಂದು ಮಧ್ಯಾಹ್ನ ಒಬ್ಬ ಹೆಂಗಸು ಮಗನನ್ನು ಕರೆದುಕೊಂಡು ಬಂದರು. ವಸಂತನರಸಾಪುರದ ಕಡೆ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಶಿಫ್ಟ್ ಮುಗಿಸಿ ನೇರ ಬಂದಿದ್ದರು ಅನ್ನಿಸುತ್ತೆ, ಕತ್ತಿನಲ್ಲಿ ಇನ್ನೂ ಐಡಿ ಕಾರ್ಡ್ ನೇತಾಡುತ್ತಿತ್ತು. ಹುಡುಗ ಪಿಯುಸಿ. ಜಿಮ್ಮಿಗೆ ಹೋಗಿ ಕಟ್ಟಿದ ಮೈ, ತೋಳಿಗೆ ಅಂಟಿಕೊಂಡ ಟೀ ಶರ್ಟು. ಕೈಯಲ್ಲಿ ಎರಡು ಹಾಳೆಯ ಇಂಗ್ಲಿಷ್ ಫಾರಂ. ಹದಿನೆಂಟು ತುಂಬಿಲ್ಲವಾದ್ದರಿಂದ ಅಮ್ಮನ ಸೈನ್ ಬೇಕಿತ್ತು.

ವಿಷಯ ಏನು ಅಂತ ಹುಡುಗನೇ ಹೇಳಿದ. ಟಿವಿಯಲ್ಲಿ ಬರೋ ಅಮೆರಿಕದ ಡಬ್ಲ್ಯುಡಬ್ಲ್ಯುಇ ಥರದ ಷೋ ಕುಸ್ತಿ. ಒಂದು ತಂಡದವರು ಹುಡುಗರಿಗೆ ಟ್ರೈನಿಂಗ್ ಕೊಟ್ಟು, ಆಮೇಲೆ ಷೋಗಳಲ್ಲಿ ರಿಂಗಿಗೆ ಇಳಿಸುತ್ತಾರಂತೆ. ಟ್ರೈನಿಂಗಿಗೆ ಹುಡುಗರೇ ಫೀಸು ಕಟ್ಟಬೇಕು. ಷೋಗೆ ದುಡ್ಡು ಎಷ್ಟು ಅಂದರೆ, "ಅದು ಆಮೇಲೆ ಸಾರ್". ನಾನು ಫಾರಂ ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಇವನು ನಮ್ಮ ನೌಕರ ಅಲ್ಲ. ಇವನ ವಿಡಿಯೋ, ಫೋಟೋ ಎಲ್ಲಾ ನಮ್ಮದು. ಗಾಯವಾದರೆ, ಅಂಗ ಊನವಾದರೆ, ಜೀವ ಹೋದರೆ ನಾವು ಜವಾಬ್ದಾರರಲ್ಲ.

ಆಕೆ ಒಂದು ನಿಮಿಷ ಸುಮ್ಮನಿದ್ದು ಕೇಳಿದರು, "ನಮ್ ಫ್ಯಾಕ್ಟ್ರಿಲಿ ಬೆರಳು ಕುಯ್ಕೊಂಡ್ರೂ ಇಎಸ್‌ಐ ಐತೆ ಸಾರ್. ಇವ್ನಿಗೆ ಏನೈತೆ?"

"ಅಮ್ಮಾ, ಅದು ನಿಜವಾದ ಹೊಡೆದಾಟ ಅಲ್ಲಮ್ಮಾ. ಯಾರು ಗೆಲ್ಬೇಕು ಅಂತ ಮೊದ್ಲೇ ಮಾತಾಡ್ಕೊಂಡಿರ್ತಾರೆ. ಎಲ್ಲಾ ಆಕ್ಟಿಂಗು" ಅಂದ ಮಗ.

"ಆಕ್ಟಿಂಗ್ ಆದ್ರೆ ಸಾಯೋ ಮಾತ್ ಯಾಕ್ ಬರ್ದವ್ರೆ?"

ಸೈನ್ ಹಾಕದೆ, ಮನೆಯಲ್ಲಿ ಕೇಳಿ ನೋಡ್ತೀವಿ ಅಂತ ಹೊರಟರು. ಆಮೇಲೆ ನನ್ನ ಅಂಗಡಿ ಕಡೆ ಬರಲಿಲ್ಲ. ಆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಈ ಕುಸ್ತಿ ಷೋಗಳ ಬಗ್ಗೆ ಎಲ್ಲಿ ಮಾತು ಶುರುವಾದರೂ "ಅದು ನಿಜಾನಾ, ಸುಳ್ಳಾ" ಅನ್ನೋದರಲ್ಲೇ ಮುಗಿದುಹೋಗುತ್ತದೆ. ಸುಳ್ಳು ಅಂತ ತೀರ್ಮಾನ ಆದ ಕೂಡಲೇ ಸರ್ಕಾರಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತ ಎಲ್ಲರೂ ಎದ್ದು ಹೋಗುತ್ತಾರೆ. ನನಗೆ ಅನ್ನಿಸೋದು ಬೇರೆ. ಸೋಲು ಗೆಲುವು ಸುಳ್ಳಾಗಿರಲಿ, ಅದು ಅವರ ವ್ಯಾಪಾರ. ಮೇಲಿಂದ ಬೀಳುವ ಮೈ ಸುಳ್ಳಲ್ಲವಲ್ಲ? ಸರ್ಕಾರ ನೋಡಬೇಕಾಗಿರೋದು ಅದನ್ನು.

ಗುಟ್ಟು ಬಿಟ್ಟುಕೊಟ್ಟದ್ದು ಯಾಕೆ?

ನಮ್ಮ ವಯಸ್ಸಿನವರಿಗೆ ಈ ಕುಸ್ತಿ ಪರಿಚಯ ಆಗಿದ್ದು ಪೈಲ್ವಾನರ ಫೋಟೋ, ಅಳತೆ ಇರೋ ಟ್ರಂಪ್ ಕಾರ್ಡ್ ಆಟದಿಂದ. ಎತ್ತರ, ತೂಕ, ಎದೆ, ಬೈಸೆಪ್ಸು. ಒಂದನೇ ರ‍್ಯಾಂಕಿನ ಕಾರ್ಡ್ ಕೈಗೆ ಬಂದವನು ಆ ದಿನದ ಮಟ್ಟಿಗೆ ರಾಜ. ಅಂಡರ್‌ಟೇಕರ್ ಅನ್ನೋ ಪೈಲ್ವಾನ ಸತ್ತು ಬದುಕಿ ಬಂದಿದಾನೆ ಅನ್ನೋದು ನಮ್ಮ ಸ್ಕೂಲಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸತ್ಯ. ಅಲ್ಲ ಅಂದವನಿಗೆ ಏಟು ಬೀಳುತ್ತಿತ್ತು. ತಮಾಷೆ ಅಂದರೆ, ನಾವಿಲ್ಲಿ ಹೀಗೆ ಜಗಳ ಆಡುವ ಹೊತ್ತಿಗೆ ಅಲ್ಲಿ ಅಮೆರಿಕದಲ್ಲಿ ಡಬ್ಲ್ಯುಡಬ್ಲ್ಯುಇ ಕಂಪನಿಯವರೇ ಇದೆಲ್ಲ ನಾಟಕ ಅಂತ ಒಪ್ಪಿಕೊಂಡಾಗಿತ್ತು.

ಅದು 1989. ಆಗ ಕಂಪನಿಯ ಹೆಸರು ಡಬ್ಲ್ಯುಡಬ್ಲ್ಯುಎಫ್. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಬಾಕ್ಸಿಂಗ್ ನೋಡಿಕೊಳ್ಳುವ ಅಥ್ಲೆಟಿಕ್ ಕಮಿಷನ್ನೇ ಈ ಕುಸ್ತಿಯನ್ನೂ ನೋಡಿಕೊಳ್ಳುತ್ತಿತ್ತು. ಲೈಸೆನ್ಸು, ಫೀಸು, ರಿಂಗಿನ ಪಕ್ಕ ಡಾಕ್ಟರು, ಟಿವಿ ಆದಾಯದ ಮೇಲೆ ತೆರಿಗೆ. ಇದರಿಂದ ತಪ್ಪಿಸಿಕೊಳ್ಳಲು ಕಂಪನಿ ನ್ಯೂಜೆರ್ಸಿ ರಾಜ್ಯದ ಸೆನೆಟ್, ಅಂದರೆ ಅಲ್ಲಿನ ಮೇಲ್ಮನೆ ಮುಂದೆ ಹೇಳಿಕೊಂಡಿತು: ನಮ್ಮದು ಸ್ಪರ್ಧೆ ಅಲ್ಲ, ಮನರಂಜನೆ. ಸೆನೆಟ್ 37ಕ್ಕೆ 1 ಮತದಲ್ಲಿ ಹೌದು ಅಂದಿತು. ದಶಕಗಳಿಂದ ಪ್ರಾಣ ಹೋದರೂ ಬಾಯಿ ಬಿಡದಿದ್ದ ಗುಟ್ಟನ್ನು ಫೀಸು, ತೆರಿಗೆ ಉಳಿಸೋಕೆ ಬಾಯಿ ಬಿಟ್ಟರು. ವ್ಯಾಪಾರಸ್ಥರು ಅಲ್ವಾ, ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಫೀಸು ಹೋದ ಬಾಗಿಲಿನಿಂದಲೇ ಡಾಕ್ಟರೂ ಹೊರಗೆ ಹೋಗಬಹುದು ಅನ್ನೋದು ಆ ಮತ ಹಾಕಿದವರಿಗೆ ದೊಡ್ಡ ವಿಷಯ ಅನ್ನಿಸಲಿಲ್ಲ.

ಹಾಗಂತ ಕಮಿಷನ್ ಇದ್ದಾಗ ಎಲ್ಲ ಚೆನ್ನಾಗಿತ್ತು ಅಂತಲೂ ಹೇಳೋಕಾಗಲ್ಲ. ಪೆನ್ಸಿಲ್ವೇನಿಯಾದಲ್ಲಿ ರಾಜ್ಯದ ಕಮಿಷನ್ನೇ ನೇಮಿಸಿದ್ದ ಡಾಕ್ಟರ್ ಜಾರ್ಜ್ ಜಹೋರಿಯನ್, ಪೈಲ್ವಾನರ ಆರೋಗ್ಯ ನೋಡಬೇಕಾದವನು, ಅವರಿಗೆ ಸ್ಟೆರಾಯ್ಡ್ ಮಾರುತ್ತಿದ್ದ. 1991ರಲ್ಲಿ ಕೋರ್ಟು ಅವನನ್ನು ಅಪರಾಧಿ ಅಂತ ತೀರ್ಮಾನಿಸಿತು. ಲೈಸೆನ್ಸ್ ಬೇಕು ಅಂತ ವಾದ ಮಾಡುವ ನನ್ನಂಥವರು ಈ ಕಥೆಯನ್ನು ಮರೆಯಬಾರದು. ಸರ್ಕಾರದ ಸೀಲು ಬಿದ್ದ ತಕ್ಷಣ ಕೆಲಸ ಶುದ್ಧವಾಗುವುದಿಲ್ಲ ಅಂತ ಕೋರ್ಟ್ ಪಕ್ಕ ಅಂಗಡಿ ಇಟ್ಟವನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ 1999ರ ಮೇ 23. ಕ್ಯಾನ್ಸಸ್ ಸಿಟಿಯಲ್ಲಿ ಅದೇ ಕಂಪನಿಯ ಪೈಲ್ವಾನ ಓವೆನ್ ಹಾರ್ಟ್ ಚಾವಣಿಯಿಂದ ಹಗ್ಗದಲ್ಲಿ ಇಳಿದು ರಿಂಗಿಗೆ ಬರಬೇಕಿತ್ತು. ಸೊಂಟಕ್ಕೆ ಕಟ್ಟಿದ್ದ ಕೊಂಡಿ ಅರ್ಧದಲ್ಲೇ ಬಿಚ್ಚಿಕೊಂಡಿತು. ಸುಮಾರು 78 ಅಡಿ ಎತ್ತರದಿಂದ ಬಿದ್ದ. ಕೂತಿದ್ದ ಎಷ್ಟೋ ಜನ ಇದೂ ಆಟದ ಭಾಗ ಅಂದುಕೊಂಡರು. ಅವನನ್ನು ಸ್ಟ್ರೆಚರಿನಲ್ಲಿ ಹೊತ್ತುಕೊಂಡು ಹೋದ ಮೇಲೆ ಅದೇ ರಿಂಗಿನಲ್ಲಿ ಮುಂದಿನ ಪಂದ್ಯ ನಡೆಯಿತು. ಮನೆಯವರು ಹಾಕಿದ ಕೇಸಿನಲ್ಲಿ ಕಂಪನಿ ಸುಮಾರು 1.8 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅದು ದೊಡ್ಡ ಕಂಪನಿ, ಕೊಟ್ಟಿತು. ನಮ್ಮ ಜಿಲ್ಲೆಯ ಯಾವುದೋ ಮೈದಾನದಲ್ಲಿ ಬಾಡಿಗೆ ರಿಂಗು ಹಾಕಿ ಷೋ ಮಾಡಿದವರು ಮರುದಿನ ಬೆಳಿಗ್ಗೆ ರಿಂಗು ಬಿಚ್ಚಿಕೊಂಡು ಹೊರಟರೆ ಯಾರನ್ನು ಹಿಡಿಯುತ್ತೀರಿ?

ಭೀಮ ಹೊಡೆದ ಏಟು

ಇದನ್ನೆಲ್ಲ ಅಮೆರಿಕದ ಕಥೆ ಅಂತ ಓದಿ ಬಿಡಬಹುದಿತ್ತು. ನನಗೆ ಹಾಗೆ ಬಿಡಲು ಆಗದಿರುವುದಕ್ಕೆ ಕಾರಣ ನಮ್ಮ ಚಿಕ್ಕಪ್ಪ.

ನಮ್ಮೂರು ಗುಬ್ಬಿ ತಾಲ್ಲೂಕು. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿ ನಮ್ಮವರದು ಅನ್ನೋ ಜಂಭ ನಮ್ಮ ಕಡೆಯವರಿಗೆ ಇನ್ನೂ ಇಳಿದಿಲ್ಲ. ಕುರುಕ್ಷೇತ್ರ ನಾಟಕಕ್ಕೆ ಸ್ಟೇಜ್ ಮೇಲೆ ನಿಜವಾದ ಆನೆ, ಕುದುರೆ ತರಿಸಿದ ಕಂಪನಿ ಅದು. ಈಗಲೂ ಸುಗ್ಗಿ ಮುಗಿದರೆ ಊರೂರಲ್ಲಿ ಕುರುಕ್ಷೇತ್ರ. ಆಡುವವರು ರೈತರು, ಮೇಷ್ಟ್ರುಗಳು, ಅಂಗಡಿಯವರು. ಪಾತ್ರಕ್ಕೆ ದುಡ್ಡು ಕೊಡಬೇಕು. ಅಂದರೆ ಪಾತ್ರ ಮಾಡುವವನೇ ಕೊಡಬೇಕು. ಕೃಷ್ಣ, ದುರ್ಯೋಧನ ದುಬಾರಿ. ಸೈನಿಕ ಅಗ್ಗ. ಚಿಕ್ಕಪ್ಪ ಕೊಬ್ಬರಿ ಮಾರಿದ ದುಡ್ಡಿನಲ್ಲಿ ದುರ್ಯೋಧನನ ಪಾತ್ರ ಹಿಡಿದಿದ್ದ. ಚಿಕ್ಕಮ್ಮ ಆ ವಿಷಯಕ್ಕೆ ವಾರಗಟ್ಟಲೆ ಮಾತು ಬಿಟ್ಟಿದ್ದರು, ಅದು ಬೇರೆ ಕಥೆ.

ಪರ್ಮಿಷನ್ ಅರ್ಜಿ ಟೈಪ್ ಮಾಡಿದ್ದು ನಾನೇ. ಶಾಂತಿಗೆ ಭಂಗ ಬರದಂತೆ ನೋಡಿಕೊಳ್ಳುತ್ತೇವೆ. ಧ್ವನಿವರ್ಧಕ ನಿಯಮ ಪಾಲಿಸುತ್ತೇವೆ. ರಾತ್ರಿ 10ರ ಮೇಲೆ ಮೈಕ್ ಇಲ್ಲ ಅನ್ನೋದು ನಿಯಮ. ನಾಟಕ ಶುರುವಾಗೋದೇ 10ರ ಮೇಲೆ. ಅರ್ಜಿ ಕೊಟ್ಟವರಿಗೂ ಗೊತ್ತು, ತೆಗೆದುಕೊಂಡವರಿಗೂ ಗೊತ್ತು. ಮೈಕ್ ಬಗ್ಗೆ ಅಷ್ಟು ಕೇಳಿದವರು ಸ್ಟೇಜ್ ಬಗ್ಗೆ ಒಂದು ಮಾತು ಕೇಳಲಿಲ್ಲ. ಡ್ರಮ್ಮು ಜೋಡಿಸಿ ಮೇಲೆ ಹಲಗೆ ಹಾಸಿದ ಸ್ಟೇಜು ಅದು. ಮೇಲೊಂದು ಜಮಖಾನ ಹಾಸಿದರೆ ಕೆಳಗೆ ಏನಿದೆ ಅಂತ ಯಾರಿಗೆ ಕಾಣುತ್ತೆ?

ಬೆಳಗಿನ ಜಾವ ಗದಾಯುದ್ಧ. ಯಾರು ಸೋಲಬೇಕು ಅಂತ ವ್ಯಾಸರ ಕಾಲದಿಂದಲೂ ಗೊತ್ತು. ಆದರೂ ಜನ ಕಂಬಳಿ ಸರಿಸಿ ಎದ್ದು ಕೂರುತ್ತಾರೆ. ಭೀಮನ ಪಾತ್ರದವನು ತೊಡೆ ತಟ್ಟಿ ಗದೆ ಬೀಸಿದ. ಚಿಕ್ಕಪ್ಪ ಅಭ್ಯಾಸದಲ್ಲಿ ಕಲಿತ ಹಾಗೇ ಹಿಂದಕ್ಕೆ ಎಗರಿದ. ಇಳಿದ ಜಾಗದಲ್ಲಿ ಹಲಗೆ ಜಾರಿತು. ಒಂದು ಕಾಲು ಮೊಣಕಾಲಿನವರೆಗೆ ಡ್ರಮ್ಮುಗಳ ಸಂದಿಗೆ ಹೋಯಿತು. "ಅಯ್ಯೋ" ಅಂದ. ನಾಟಕದ ಅಯ್ಯೋ ಎಳೆದು ಬರುತ್ತೆ, ಇದು ಚಿಕ್ಕದಾಗಿ ಬಂತು. ಮುಂದಿನ ಸಾಲಿನಲ್ಲಿದ್ದ ನನಗೆ ವ್ಯತ್ಯಾಸ ಗೊತ್ತಾಯಿತು, ಹಿಂದಿನವರಿಗೆ ಆಗಲಿಲ್ಲ. ಶಿಳ್ಳೆ, ಚಪ್ಪಾಳೆ. ಹಾರ್ಮೋನಿಯಂ ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಮುಂದಿನ ಕಂದ ಶುರು ಮಾಡಿದರು. ಭೀಮ ಮಾತ್ರ ಗದೆ ಬಿಸಾಕಿ, "ಏಯ್ ಲೈಟ್ ಹಾಕ್ರೋ" ಅಂತ ಕೂಗಿಕೊಂಡ. ಅದಕ್ಕೂ ಜನ ನಕ್ಕರು.

ಟಾಟಾ ಏಸ್‌ನಲ್ಲಿ ಮಲಗಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋದೆವು. ಮುಖಕ್ಕೆ ಬಣ್ಣ, ಎದೆಗೆ ಕವಚ, ಕಿರೀಟ ನನ್ನ ತೊಡೆಯ ಮೇಲೆ. ಹೇಗಾಯ್ತು ಅಂತ ನರ್ಸ್ ಕೇಳಿದರೆ, ನೋವಿನಲ್ಲೂ ಚಿಕ್ಕಪ್ಪ, "ಭೀಮ ಹೊಡ್ದ ತಾಯಿ" ಅಂದ. ಕಾಲಿನ ಮೂಳೆ ಮುರಿದಿತ್ತು. ತುಮಕೂರಿಗೆ ಕರೆತಂದು ರಾಡ್ ಹಾಕಿಸಿದೆವು. ಪಾತ್ರಕ್ಕೆ ದುಡ್ಡು ಕಟ್ಟಿದವನೂ ಅವನೇ, ಆಪರೇಷನ್ನಿಗೆ ಕಟ್ಟಿದವನೂ ಅವನೇ. ಸ್ಟೇಜು ಹಾಕಿದವನ ಮೇಲೆ ಯಾರೂ ಬೆರಳು ತೋರಿಸಲಿಲ್ಲ, ನಾವೂ ತೋರಿಸಲಿಲ್ಲ. ನಾಟಕ ಅಲ್ವಾ. ಈಗ ಚಿಕ್ಕಪ್ಪ ಧೃತರಾಷ್ಟ್ರ. ಕೂತೇ ಮಾಡಬಹುದು, ರೇಟೂ ಕಮ್ಮಿ.

ಗರಡಿಯಲ್ಲಿ ಏನಿತ್ತು

ನಿಜವಾದ ಕುಸ್ತಿ ಬೇರೆ, ಅದನ್ನು ಇದರ ಜೊತೆ ಸೇರಿಸಬೇಡಿ ಅಂತ ಗರಡಿ ಹುಡುಗರು ಸಿಟ್ಟಾಗುತ್ತಾರೆ. ಸರಿ, ಸೇರಿಸಲ್ಲ. ಆದರೆ ನಾಡಕುಸ್ತಿಯಲ್ಲಿ ಲೈಸೆನ್ಸ್ ಇಲ್ಲದೆಯೂ ಒಂದು ಕಟ್ಟುಪಾಡು ಇತ್ತು ಅನ್ನೋದನ್ನು ನೋಡಿ. ಮಟ್ಟಿ ಅಂದರೆ ಸುಮ್ನೆ ಮಣ್ಣಲ್ಲ. ಕೆಮ್ಮಣ್ಣು ಜರಡಿ ಹಿಡಿದು, ಅರಿಶಿನ, ಎಣ್ಣೆ ಹಾಕಿ, ದಿನಾ ಅಗೆದು ಹದ ಮಾಡಿದ್ದು. ಬಿದ್ದರೆ ಮೈಗೆ ಮೆತ್ತಗೆ ತಾಗುತ್ತದೆ. ಪಂದ್ಯಕ್ಕೆ ಮೊದಲು ಉಸ್ತಾದರು ಕೂತು ಜೋಡಿ ಕಟ್ಟುತ್ತಾರೆ. ತೂಕ, ವಯಸ್ಸು, ಎಷ್ಟು ವರ್ಷದ ಸಾಮು ಅಂತ ನೋಡಿ, ಇವನಿಗೆ ಅವನು ಅಂತ. ನನ್ನ ಹುಡುಗ ಇನ್ನೂ ಎಳಸು, ಒಬ್ಬ ಸೋಲೋವರೆಗೂ ನಿಲ್ಲದ ಮಾರ್ಫಿಟ್ ಕುಸ್ತಿಗೆ ಬಿಡಲ್ಲ ಅಂತ ಉಸ್ತಾದ್ ಅಂದರೆ ಮುಗಿಯಿತು. ಮೈಸೂರು ದಸರಾದ ವಜ್ರಮುಷ್ಟಿ ಕಾಳಗ ಅಷ್ಟು ಭಯಂಕರ ಅಂತೀವಲ್ಲ, ಅಲ್ಲೂ ಜಟ್ಟಿಯ ತಲೆಯಿಂದ ರಕ್ತ ಕಂಡ ಕೂಡಲೇ ನಿಲ್ಲಿಸುತ್ತಾರೆ.

ಷೋ ಕುಸ್ತಿಯ ರಿಂಗು ಟಿವಿಯಲ್ಲಿ ಹಾಸಿಗೆ ಥರ ಕಾಣುತ್ತದೆ. ಕಬ್ಬಿಣದ ಚೌಕಟ್ಟು, ಮೇಲೆ ಮರದ ಹಲಗೆ, ತೆಳು ಫೋಮು, ಅದರ ಮೇಲೆ ಬಿಗಿದ ಕ್ಯಾನ್ವಾಸು. ಬೀಳುವುದನ್ನು ಕಲಿಯುವುದೇ ಅಲ್ಲಿ ಮೊದಲ ಪಾಠ. ಗದ್ದ ಎದೆಗೆ ಒತ್ತಿಕೊಂಡು, ಬೆನ್ನಿನ ಮೇಲ್ಭಾಗ ಅಗಲವಾಗಿ ತಾಗುವಂತೆ, ಕೈ ಎರಡೂ ಚಾಚಿ ಹೊಡೆದು ಬೀಳಬೇಕು. ಗದ್ದ ಒಂದು ಕ್ಷಣ ಸಡಿಲ ಬಿಟ್ಟರೆ ತಲೆ ಹಿಂದಕ್ಕೆ ಬಡಿಯುತ್ತದೆ. ಅಂದರೆ ಇದು ಕಲಿಸುವವನ ಮೇಲೆ ನಿಂತಿರುವ ಕೆಲಸ. ಡಬ್ಲ್ಯುಡಬ್ಲ್ಯುಇವರೆಗೆ ಹೋದ ನಮ್ಮ ದೇಶದ ಪೈಲ್ವಾನ ದಿ ಗ್ರೇಟ್ ಖಲಿ ಕ್ಯಾಲಿಫೋರ್ನಿಯಾದಲ್ಲಿ ಕಲಿತ ಶಾಲೆಯಲ್ಲೇ 2001ರಲ್ಲಿ ಅಭ್ಯಾಸದ ವೇಳೆ ಒಬ್ಬ ಕಲಿಯುವ ಹುಡುಗ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡ. ಅವನಿಗೆ ಅದಕ್ಕೆ ಮೊದಲೇ ಒಂದು ಸಲ ತಲೆಗೆ ಪೆಟ್ಟಾಗಿತ್ತು. ಕೋರ್ಟಿನಲ್ಲಿ ಜ್ಯೂರಿ ಶಾಲೆಯ ಹೊಣೆಗೇಡಿತನ ಅಂತಲೇ ಹೇಳಿತು. ಟಿಕೆಟ್ ಇಲ್ಲ, ಜನ ಇಲ್ಲ, ಲೈಟ್ ಇಲ್ಲ. ಷೋ ಮಾತ್ರ ನೋಡುವ ಕಾನೂನಿಗೆ ಈ ಸಾವು ಕಾಣುವುದೇ ಇಲ್ಲ.

ಖಲಿಯ ಹೆಸರು ಬಂತಲ್ಲ, ಇನ್ನೊಂದು. 2016ರ ಫೆಬ್ರುವರಿಯಲ್ಲಿ ಉತ್ತರಾಖಂಡದ ಹಲ್ದ್ವಾನಿಯ ಷೋನಲ್ಲಿ ವಿದೇಶಿ ಪೈಲ್ವಾನರು ಅವನಿಗೆ ಕುರ್ಚಿಯಲ್ಲಿ ಹೊಡೆದು, ತಲೆಯಿಂದ ರಕ್ತ ಬಂದು, ಆಸ್ಪತ್ರೆಗೆ ಸೇರಿದ ಸುದ್ದಿ ದೇಶದ ಪೇಪರುಗಳಲ್ಲೆಲ್ಲಾ ಬಂತು. ಕೆಲವೇ ದಿನಕ್ಕೆ ಡೆಹ್ರಾಡೂನಿನಲ್ಲಿ ಎದ್ದು ಬಂದು ಗೆದ್ದ. ಕಥೆ ಚೆನ್ನಾಗಿ ಕಟ್ಟಿದ್ದರು, ತಪ್ಪೇನಿಲ್ಲ. ಆದರೆ ಮುಂದೆ ಯಾವ ಹುಡುಗನಾದರೂ ನಿಜವಾಗಿ ಬಿದ್ದು ಏಳದಿದ್ದರೆ, ಮೊದಲ ಹತ್ತು ನಿಮಿಷ ಸುತ್ತಲಿನ ಜನ ಮೊಬೈಲ್ ಹಿಡಿದುಕೊಂಡೇ ನಿಂತಿರುತ್ತಾರೆ.

ಕಾನೂನು ಪುಸ್ತಕ ತೆಗೆದರೆ

ಪಕ್ಕದ ವಕೀಲರ ಹತ್ತಿರ ಕೂತು ಒಂದಿಷ್ಟು ನೋಡಿದೆ. ಭಾರತೀಯ ನ್ಯಾಯ ಸಂಹಿತೆಯ 25ನೇ ಕಲಂ, ಹಳೇ ಐಪಿಸಿಯಲ್ಲಿ 87. ಸಾಯಿಸುವ ಇಲ್ಲವೇ ದೊಡ್ಡ ಗಾಯ ಮಾಡುವ ಉದ್ದೇಶವಿಲ್ಲದೆ, ಹಾಗಾಗಬಹುದು ಅಂತಲೂ ಗೊತ್ತಿಲ್ಲದೆ, ಎದುರಿನವನ ಒಪ್ಪಿಗೆಯ ಮೇಲೆ ಆದ ಪೆಟ್ಟು ಅಪರಾಧ ಅಲ್ಲ. ಅದಕ್ಕೆ ಕೊಟ್ಟಿರುವ ಉದಾಹರಣೆ 1860ರದ್ದು: ಇಬ್ಬರು ಮೋಜಿಗೆ ಕತ್ತಿವರಸೆ ಆಡುತ್ತಾರೆ, ಮೋಸ ಮಾಡದೆ ಆಡುವಾಗ ಒಬ್ಬನಿಗೆ ಪೆಟ್ಟಾಗುತ್ತದೆ. ಇಬ್ಬರ ಮಟ್ಟಿಗೆ ಇದು ಸರಿಯಾದ ಕಾನೂನೇ. ಆದರೆ ಇಬ್ಬರನ್ನೂ ಕರೆದುತಂದು, ಟಿಕೆಟ್ ಮಾರಿ, ನೆಲ ಹಾಕಿದ ಮೂರನೆಯವನು ಆ ಉದಾಹರಣೆಯಲ್ಲಿ ಇಲ್ಲವೇ ಇಲ್ಲ. ಮತ್ತೆ, ಆ ಒಪ್ಪಿಗೆ 18 ದಾಟಿದವರದ್ದು ಮಾತ್ರ. ಮೈನರ್ ಮಾಡಿಕೊಂಡ ಒಪ್ಪಂದ ನಿಲ್ಲಲ್ಲ ಅನ್ನೋದು ನಮ್ಮ ಕೋರ್ಟ್ ರಸ್ತೆಯ ಟೀ ಅಂಗಡಿಯವನಿಗೂ ಗೊತ್ತು. ಆದರೂ 17ರ ಹುಡುಗನ ಫಾರಂ ಪ್ರಿಂಟಾಗುತ್ತಲೇ ಇದೆ.

2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ಒಂದು ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಮುಖಕ್ಕೆ ಏಟು ಬಿದ್ದು ಮೈಸೂರಿನ ಯುವಕನೊಬ್ಬ ತೀರಿಕೊಂಡದ್ದು ನೆನಪಿರಬಹುದು. ಸ್ಥಳದಲ್ಲಿ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಅಂತ ಮನೆಯವರು ದೂರಿದರು. ಪೊಲೀಸ್ ಕೇಸಾಯಿತು. ಕೇಸು ಆಗುವುದು ಯಾವಾಗಲೂ ಆಮೇಲೆ. ಇನ್ನೊಂದು ಕಡೆ ನೋಡಿ. ಕಂಬಳ, ಎತ್ತಿನ ಗಾಡಿ ಓಟಕ್ಕೆ ಅಂತ ನಮ್ಮ ರಾಜ್ಯ 2017ರಲ್ಲಿ ಕಾನೂನನ್ನೇ ತಿದ್ದಿತು. ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಅದನ್ನು ಎತ್ತಿ ಹಿಡಿಯಿತು. ಕೋಣಕ್ಕೆ ನೋವಾಗಬಾರದು ಅಂತ ಅಷ್ಟು ದೂರ ವಾದ ನಡೆಯಿತು. ನಡೆಯಲೇಬೇಕಿತ್ತು. ಪಿಯುಸಿ ಹುಡುಗನ ಕತ್ತಿಗೆ ಅದರಲ್ಲಿ ಕಾಲು ಭಾಗ ವಾದವೂ ಆಗಿಲ್ಲ.

ಹಾಗಾದರೆ ಕ್ರೀಡಾ ಇಲಾಖೆಗೋ ಫೆಡರೇಷನ್ನಿಗೋ ಒಪ್ಪಿಸಿಬಿಡೋಣ ಅಂತೀರಾ? ಒಲಿಂಪಿಕ್ಸ್ ಪದಕ ಗೆದ್ದ ಸಾಕ್ಷಿ ಮಲಿಕ್ ಅಂಥವರು ಫೆಡರೇಷನ್ ಅಧ್ಯಕ್ಷರ ಮೇಲೆ ದೂರು ಹೇಳಿಕೊಂಡು 2023ರಲ್ಲಿ ಜಂತರ್ ಮಂತರ್‌ನಲ್ಲಿ ರಸ್ತೆ ಮೇಲೆ ಮಲಗಿದ್ದು ನೋಡಿದ್ದೀವಿ. ಅವರದ್ದು ಫೆಡರೇಷನ್ ಇದ್ದ ಕುಸ್ತಿ. ನನಗೆ ಆ ದಾರಿ ಮೇಲೆ ನಂಬಿಕೆ ಇಲ್ಲ. ಪೈಲ್ವಾನನಿಗೆ ಲೈಸೆನ್ಸ್ ಕಾರ್ಡು ಕೊಡುವ ಯೋಚನೆಯೂ ಬೇಡ. ಕೊಟ್ಟರೆ ಏನಾಗುತ್ತೆ ಅಂತ ಗೊತ್ತು. ಬಡ ಹುಡುಗ ಕಾರ್ಡಿಗೆ ಅಲೆಯುತ್ತಾನೆ, ಮಧ್ಯದಲ್ಲೊಬ್ಬ ಏಜೆಂಟ್ ಹುಟ್ಟುತ್ತಾನೆ, ಅರ್ಜಿ ನನ್ನ ಅಂಗಡಿಯಲ್ಲೇ ಟೈಪ್ ಆಗುತ್ತದೆ. ವ್ಯಾಪಾರ ನನಗೇ ಜಾಸ್ತಿ, ಆದರೂ ಬೇಡ.

ಲೈಸೆನ್ಸ್ ಬೇಕಾಗಿರೋದು ನಡೆಸುವವನಿಗೆ. ಷೋ ಮಾಡುವವನಿಗೆ, ಅದಕ್ಕಿಂತ ಮೊದಲು ಕಲಿಸುವವನಿಗೆ. ಯಾರು ಗೆಲ್ಲುತ್ತಾರೆ, ಯಾವ ಕಥೆ, ಯಾರು ಕೆಟ್ಟವನು ಅಂತ ಸರ್ಕಾರ ಒಂದಕ್ಷರ ಕೇಳಬಾರದು. ರಿಂಗು ತೋರಿಸು. ಒಬ್ಬ ಡಾಕ್ಟರನ್ನು ಕೂರಿಸು, ಅವನು ನಿಲ್ಲಿಸಿ ಅಂದರೆ ಕಥೆ ಅರ್ಧದಲ್ಲಿದ್ದರೂ ನಿಲ್ಲಬೇಕು. 108 ಬರುತ್ತೆ ಬಿಡಿ ಅಂತ ಹೇಳಬೇಡ, ಗೇಟ್ ಹತ್ತಿರ ನಿನ್ನದೇ ಆಂಬುಲೆನ್ಸ್ ನಿಂತಿರಲಿ. ಹುಡುಗರ ಹೆಸರಲ್ಲಿ ಇನ್ಶೂರೆನ್ಸ್ ಮಾಡಿಸಿದ ರಸೀದಿ ಲಗತ್ತಿಸು. 18 ಆಗದವನನ್ನು ರಿಂಗಿಗೆ ಇಳಿಸಬೇಡ, ಅಪ್ಪ ಅಮ್ಮ ಎಷ್ಟೇ ಸೈನ್ ಹಾಕಲಿ. ಇದಕ್ಕೆ ಹೊಸ ಇಲಾಖೆ ಬೇಕಾಗಿಲ್ಲ. ಮನರಂಜನೆಯ ಜಾಗಗಳಿಗೆ ಪರ್ಮಿಷನ್ ಕೊಡುವ ಅಧಿಕಾರ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲೇ ಇದೆ. ಈಗ ಮೈಕ್ ಬಗ್ಗೆ ಕೇಳುವ ಹಾಳೆಗೆ ಇನ್ನೊಂದು ಹಾಳೆ ಸೇರಿಸಬೇಕು. ಕಲಿಸುವ ಶಾಲೆಗಳಿಗೆ ಮಾತ್ರ ಹೊಸದಾಗಿ ಏನಾದರೂ ಬರೆಯಬೇಕಾದೀತು.

ಚಿಕ್ಕಪ್ಪನಿಗೆ ಇದನ್ನು ಹೇಳಿದರೆ ಒಪ್ಪಲಿಲ್ಲ. "ಇವತ್ತು ಅವರಿಗೆ ಹಾಕ್ತೀರಾ, ನಾಳೆ ನಮ್ ನಾಟಕಕ್ಕೂ ಹಾಕ್ತೀರಾ. ಆಂಬುಲೆನ್ಸ್ ತರೋದಾದ್ರೆ ಕುರುಕ್ಷೇತ್ರನೇ ನಿಂತೋಗುತ್ತೆ ಕಣೋ" ಅಂದ. ಕಾಲಲ್ಲಿ ರಾಡ್ ಇಟ್ಟುಕೊಂಡೇ ಅಂದ. ಅವನ ಮಾತಿನಲ್ಲಿ ಅರ್ಧ ನಿಜ ಇದೆ. ಊರವರೇ ದುಡ್ಡು ಹಾಕಿ ಊರವರಿಗೇ ಆಡುವ ನಾಟಕಕ್ಕೂ, ಟಿಕೆಟ್ ಇಟ್ಟು ಲಾಭಕ್ಕೆ ಮಾಡುವ ಷೋಗೂ ಒಂದೇ ಹಾಳೆ ಆಗಲ್ಲ. ನಾಟಕಕ್ಕೆ ಯಾರಾದರೂ ಬಂದು ಸ್ಟೇಜಿನ ಹಲಗೆ ಅಲ್ಲಾಡಿಸಿ ನೋಡಿ ಹೋದರೆ ಸಾಕು. ಟಿಕೆಟ್ ಷೋದವರು ಮಾತ್ರ ಗಿಟ್ಟಲ್ಲ ಅಂತ ಅತ್ತರೆ ನಾನು ನಂಬಲ್ಲ. ಲೈಟಿಗೆ, ಹೊಗೆ ಮೆಷಿನ್ನಿಗೆ, ಫ್ಲೆಕ್ಸಿಗೆ, ಮುಖ್ಯ ಅತಿಥಿಯ ಸೇಬಿನ ಹಾರಕ್ಕೆ ದುಡ್ಡು ಹೊಂದುತ್ತದಲ್ಲ.

ಸರ್ಕಾರ ಯಾವಾಗ ಬರೆಯುತ್ತೋ ಬರೆಯಲಿ. ಇನ್ನು ಮೇಲೆ ಇಂಥ ಷೋಗೆ ಪರ್ಮಿಷನ್ ಅರ್ಜಿ ಟೈಪ್ ಮಾಡಿಸಲು ಯಾರು ಬಂದರೂ ಡಾಕ್ಟರ್, ಆಂಬುಲೆನ್ಸ್, ಇನ್ಶೂರೆನ್ಸ್ ಅಂತ ಮೂರು ಸಾಲು ನಾನೇ ಸೇರಿಸಿ ಪ್ರಿಂಟ್ ತೆಗೆಯುತ್ತೇನೆ. ಬೇಡ ಅನ್ನೋರು ನನ್ನೆದುರಿಗೇ ಅಳಿಸಲು ಹೇಳಲಿ, ಅಳಿಸಿ ಕೊಡುತ್ತೇನೆ. ಅದಕ್ಕೆ ಚಾರ್ಜ್ ಬೇರೆ.